ಯಂತ್ರಕ್ಕೆ ಹೇಳಿದ ಮಾತು

ಟೈಪಿಂಗ್ ಕಲಿಸುವ ಶಾಲೆ ಮುಚ್ಚಿಹೋದ ಮೇಲೂ ಅವಳಿಗೆ 'ಟೈಪಿಂಗ್ ಮೇಡಂ' ಎಂಬ ಹೆಸರು ಹೋಗಲಿಲ್ಲ. ಕೀಲಿಮಣೆಯತ್ತ ಕಣ್ಣು ಹಾಯಿಸದೆ, ಯಾರ ಜೊತೆಗೋ ಮಾತಾಡುತ್ತಲೇ, ಪುಟಗಟ್ಟಲೆ ತಪ್ಪಿಲ್ಲದೆ ಹೊಡೆಯುತ್ತಿದ್ದ ಕೈ ಅದು. ಆ ಕೈಯ ಸುದ್ದಿ ಕೇಳಿಯೇ ಹೊಸ ಕಂಪನಿಯೊಂದು ಅವಳನ್ನು ಕೆಲಸಕ್ಕೆ ಕರೆಯಿತು.

ಕುರ್ಚಿ ಮೇಜು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು. ಕೆಳಗಿನಿಂದ ಸದಾ ವಾರ್ನಿಷ್ ವಾಸನೆ. ಉದ್ದನೆಯ ಮೇಜಿನ ಎರಡೂ ಕಡೆ ಹೆಂಗಸರು, ಎದುರಿಗೆ ಕಂಪ್ಯೂಟರು. ಕಂಪನಿಯ ಆ್ಯಪ್ ಬಗ್ಗೆ ಊರೆಲ್ಲ ಜಾಹೀರಾತು: 'ಮನಸ್ಸಿನ ಭಾರವನ್ನು ಯಂತ್ರಕ್ಕೆ ಹೇಳಿ. ಯಂತ್ರ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.'

"ಯಂತ್ರ ಎಲ್ಲಿದೆ?" ಎಂದು ಅವಳು ಮೊದಲ ದಿನ ಕೇಳಿದಳು.

ಕಂಪನಿಯ ಯಜಮಾನ ಇನ್ನೂ ಮೀಸೆ ದಟ್ಟವಾಗದ ಯುವಕ. ನಕ್ಕ. "ಸದ್ಯಕ್ಕೆ ನೀವೇ ಮೇಡಂ."

ಅವಳು ತಬ್ಬಿಬ್ಬಾದಳು. ಜನ ಫೋನಿಗೆ ಹೇಳಿದ ಮಾತು ಅಕ್ಷರವಾಗಿ ಇಲ್ಲಿಗೆ ಬರುತ್ತಿತ್ತು. ಹೆಂಗಸರು ಯಂತ್ರದ ಹಾಗೆ ಉತ್ತರ ಹೊಡೆಯುತ್ತಿದ್ದರು. ಹೊರಗೆ ಉಸಿರೆತ್ತಕೂಡದು ಎಂಬ ಷರತ್ತು ಬೇರೆ. ಬೇರೆ ಕೆಲಸ ಸಿಗುವ ವಯಸ್ಸಲ್ಲ, ಸಹಿ ಹಾಕಿದಳು. ಮನೆಯಲ್ಲಿ "ಏನೋ ಟೈಪಿಂಗ್ ಕೆಲಸ" ಎಂದಷ್ಟೇ ಹೇಳಿದಳು.

ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು ಕುಳಿತಾಗ ಪರದೆಯ ಮೇಲೆ ಮಾತು ಮೂಡಿತು: "ಯಂತ್ರಪ್ಪಾ, ಇದ್ದೀಯಾ?"

ಪಕ್ಕದವಳು ಬಗ್ಗಿ ನೋಡಿ ಕಿಸಕ್ಕನೆ ನಕ್ಕಳು. "ಈ ಅಜ್ಜಿ ದಿನಾ ಬರ್ತಾರೆ. ಇವತ್ತು ನಿಮ್ಮ ಪಾಲಿಗೆ."

'ಇದ್ದೇನೆ, ಹೇಳಿ' ಎಂದು ಹೊಡೆದಳು.

"ಸೊಸೆ ಕೆಟ್ಟವಳಲ್ಲ ಕಣಪ್ಪ. ಆದ್ರೆ ಮನೆಗೆ ಬಂದ್ಮೇಲೂ ಅವಳ ಬೆರಳು ಊಟದ ಮೇಜಿನ ಮೇಲೆ ಟಕಟಕ ಅಂತ ಕುಣೀತಾನೇ ಇರುತ್ತೆ. ಏನಾದ್ರೂ ಹೇಳೋಣ ಅಂದ್ರೆ ಅವಳಿಗೆ ಪುರುಸೊತ್ತೆಲ್ಲಿ? ಮಗನಿಗೆ ಝೆರಾಕ್ಸ್ ಅಂಗಡಿ. ಒಂದು ಮಾತು ಹೇಳಿದ್ರೆ ನೂರು ಪ್ರತಿ ತೆಗೆದು ಬೀದಿಗೆಲ್ಲ ಹಂಚ್ತಾನೆ. ಅವನೇ ಇದನ್ನ ಫೋನಿಗೆ ಹಾಕ್ಕೊಟ್ಟ."

ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. ಅವಳ ಗಂಡನದೂ ಝೆರಾಕ್ಸ್ ಅಂಗಡಿಯೇ.

"ಎಡಗಣ್ಣು ಹೋಗ್ತಾ ಇದೆ ಯಂತ್ರಪ್ಪಾ. ಆ ಪಕ್ಕಕ್ಕೆ ಬಂದು ನಿಂತವರು ಕಾಣಲ್ಲ. ನಿನ್ನೆ ಬಿಸಿನೀರು ಕೈಮೇಲೆ ಸುರ್ಕೊಂಡೆ. ಸೊಸೆ ಕೇಳಿದ್ದಕ್ಕೆ ಹಬೆ ತಾಗ್ತು ಅಂದೆ."

ನಿನ್ನೆ ಸಂಜೆ ಅತ್ತೆಯ ಕೈಗೆ ಮುಲಾಮು ಹಚ್ಚಿದವಳು ಅವಳೇ. "ಹಬೆ ತಾಗ್ತು" ಎಂಬ ಮಾತನ್ನು ನಂಬಿದವಳೂ ಅವಳೇ. ಎಂದೂ ನಿಲ್ಲದ ಬೆರಳು ಮರಗಟ್ಟಿದವು.

"ಯಂತ್ರಪ್ಪಾ, ಕೆಟ್ಟುಹೋದ್ಯಾ?"

ಹೇಗೋ ಹೊಡೆದಳು: 'ಅಮ್ಮಾ, ಮನೆಯವರಿಗೆ ಇವತ್ತೇ ಹೇಳಿ.'

"ಉಹೂಂ. ಅವರಿಗೆ ಭಾರ ಆಗೋಕೆ ನನಗಿಷ್ಟ ಇಲ್ಲ. ಇದೆಲ್ಲ ಯಂತ್ರಕ್ಕೆ ಹೇಗೆ ಗೊತ್ತಾಗ್ಬೇಕು?"

ಅವಳು ಎದ್ದು ನೇರವಾಗಿ ಯಜಮಾನನ ಕೋಣೆಗೆ ನುಗ್ಗಿದಳು. ವಿಷಯ ಕೇಳಿ ಅವನ ಮುಖ ಬಿಳಿಚಿಕೊಂಡಿತು.

"ನೀವು ಹೋಗಿ ಹೇಳಿದ್ರೆ ಇಲ್ಲಿ ಯಂತ್ರ ಇಲ್ಲ ಅಂತ ಗೊತ್ತಾಗಿಬಿಡುತ್ತೆ. ಬಂಡವಾಳ ಹಾಕೋರು ಬರೋ ಸಮಯ ಮೇಡಂ! ಎಷ್ಟೋ ಹೊಸ ಕಂಪನಿಗಳು ಹೀಗೇ ಶುರುವಾಗೋದು. ಮೊದಲು ಮನುಷ್ಯರು ಮಾಡ್ತಾರೆ, ನೋಡ್ತಾ ನೋಡ್ತಾ ಯಂತ್ರ ಕಲಿಯುತ್ತೆ."

"ಅದು ಕಲಿಯೋವರೆಗೆ ನಮ್ಮತ್ತೆ ಕಣ್ಣು ಕಾಯುತ್ತಾ?" ಎಂದವಳು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

ಅತ್ತೆ ಮಂಚದ ಮೇಲೆ ಫೋನು ಹಿಡಿದೇ ಕುಳಿತಿದ್ದರು.

"ಅತ್ತೆ, ಏಳಿ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ."

"ಯಾರ ಕಣ್ಣಿಗೇನಾಯ್ತು?"

"ನಿಮ್ಮ ಎಡಗಣ್ಣಿಗೆ."

ಅತ್ತೆ ಸೊಸೆಯನ್ನೂ ಫೋನನ್ನೂ ಒಂದಾದ ಮೇಲೊಂದರಂತೆ ನೋಡಿದರು. "ಈ ಯಂತ್ರ ಚಾಡಿ ಹೇಳ್ತಾ?"

"ಯಂತ್ರಾನೂ ಇಲ್ಲ, ಏನೂ ಇಲ್ಲ ಅತ್ತೆ. ಆ ಕಡೆ ಇದ್ದದ್ದು ನಾನೇ."

"ಇಷ್ಟು ದಿನವೂ ನೀನೇನಾ?"

"ಇಲ್ಲ, ಇವತ್ತು ಮಾತ್ರ. ಬೇರೆ ದಿನ ಬೇರೆ ಬೇರೆ ಹೆಂಗಸರು."

ಅದು ಇನ್ನೂ ದೊಡ್ಡ ಪೆಟ್ಟಾಯಿತು. "ಅಯ್ಯೋ! ಮನೆ ಗುಟ್ಟೆಲ್ಲ ಗುರುತಿಲ್ಲದವರ ಮುಂದೆ ಹರವಿಟ್ಟೆನಲ್ಲೇ!" ಫೋನು ಹಾವೆಂಬಂತೆ ಅದನ್ನು ದೂರ ತಳ್ಳಿದರು. ಓಡಿಬಂದ ಗಂಡನೂ ವಿಷಯ ತಿಳಿದು ತಲೆ ಮೇಲೆ ಕೈಹೊತ್ತು ಕುಳಿತ. ಅಂಗಡಿಗೆ ಬಂದವರಿಗೆಲ್ಲ ಆ ಆ್ಯಪ್ ಹಾಕಿಕೊಳ್ಳಿ ಎಂದು ಹೇಳಿದ್ದವನು ಅವನೇ.

ಡಾಕ್ಟರು ಸುತ್ತಿಬಳಸಿ ಮಾತಾಡುವವರಲ್ಲ. ಕಣ್ಣಿನೊಳಗಿನ ಒತ್ತಡ ಎಡಗಣ್ಣಿನ ನರವನ್ನು ಬಹುಪಾಲು ತಿಂದುಹಾಕಿತ್ತು. ಹೋದ ದೃಷ್ಟಿ ಬರುವುದಿಲ್ಲ. ಬಲಗಣ್ಣಿಗೂ ಅದೇ ಶುರುವಾಗಿದೆ, ತಪ್ಪದೆ ಔಷಧ ಹಾಕಿದರೆ ಅದು ಉಳಿದೀತು ಎಂದರು. "ಬಲಗಣ್ಣಿಗೂನಾ?" ಎಂದ ಅತ್ತೆ ಸೊಸೆಯ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅವಳು ಮತ್ತೆ ಆಫೀಸಿನ ಕಡೆ ಹೋಗಲಿಲ್ಲ. ಗುಟ್ಟು ರಟ್ಟಾಯಿತು, ಇನ್ನು ಕಂಪನಿ ಮುಚ್ಚಿದಂತೆಯೇ ಎಂದುಕೊಂಡಿದ್ದಳು. ಆದರೆ ಅಲ್ಲಿ ಪಕ್ಕದಲ್ಲಿ ಕೂರುತ್ತಿದ್ದವಳು ಫೋನು ಮಾಡಿ ಹೇಳಿದ್ದು ಕೇಳಿ ದಂಗಾದಳು. ಬಂಡವಾಳದವರಿಗೆ ವಿಷಯ ತಿಳಿದರೂ ಬೇಸರವೇ ಆಗಲಿಲ್ಲವಂತೆ. ಯಂತ್ರವೆಂದು ನಂಬಿದರೆ ಜನ ಇಷ್ಟೊಂದು ಬಾಯಿ ಬಿಡುತ್ತಾರಾ ಎಂದು ಹಿಗ್ಗಿದರಂತೆ. ಹೆಂಗಸರು ಬರೆದ ಉತ್ತರಗಳನ್ನೆಲ್ಲ ನಿಜವಾದ ಯಂತ್ರಕ್ಕೆ ಉಣಿಸಿ, ಬರೆದವರನ್ನು ಮನೆಗೆ ಕಳಿಸಿದರಂತೆ.

ಮನೆಯಲ್ಲಿ ಅತ್ತೆಯದು ಬಿಗಿದ ಮುಖ. ಬೇಕಾದ್ದಕ್ಕಷ್ಟೇ ಮಾತು. ಆದರೆ ಕಣ್ಣಿಗೆ ತಾವೇ ಔಷಧ ಬಿಟ್ಟುಕೊಂಡರೆ ಹನಿ ಕೆನ್ನೆಗೆ ಬೀಳುತ್ತಿತ್ತು. ವಿಧಿಯಿಲ್ಲದೆ ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಲೇಬೇಕಾಯಿತು. ಒಂದು ಸಂಜೆ ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದರು:

"ಅಲ್ವೇ, ಆ ಹೆಂಗಸರು ನನ್ನ ಮಾತು ಓದಿ ನಗ್ತಿದ್ರಾ?"

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ನಗ್ತಿದ್ರು ಅತ್ತೆ. ಆದ್ರೆ ಪಕ್ಕದಲ್ಲಿ ಕೂರ್ತಿದ್ದವಳು ಮೊನ್ನೆ ಫೋನಲ್ಲಿ ನಿಮ್ಮನ್ನ ನೆನೆಸ್ಕೊಂಡು ಅತ್ತುಬಿಟ್ಟಳು."

ಅತ್ತೆ ಕಣ್ಣು ಬಿಟ್ಟರು. "ಅವಳ ಕೆಲಸಾನೂ ಹೋಯ್ತಲ್ಲ, ಪಾಪ. ಒಂದಿನ ಕರ್ಕೊಂಡು ಬಾ. ಮುಖ ನೋಡಿ ಮಾತಾಡ್ತೀನಿ."