ಇಬ್ಬರಿಗೂ ಸುತ್ತಿದ ರುಮಾಲು

ನಾನು ಕಂಡದ್ದನ್ನು ಮೊದಲು ರಸ್ತೆಯ ಮೇಲೆ ನಿಂತು ಹೇಳಿದೆ, ಆಮೇಲೆ ಠಾಣೆಯಲ್ಲಿ ಹೇಳಿದೆ, ವರ್ಷಗಳು ಕಳೆದ ಮೇಲೆ ಕೋರ್ಟಿನ ಕಟಕಟೆಯಲ್ಲಿ ಹೇಳಿದೆ. ಎಲ್ಲ ಕಡೆ ಒಂದೇ ಮಾತು ಹೇಳಿದೆನೆಂದು ನನ್ನ ನಂಬಿಕೆ. ಈಗ ಬರೆಯುವಾಗಲೂ ಕಂಡದ್ದಕ್ಕಿಂತ ಹೆಚ್ಚು ಬರೆಯಬಾರದೆಂದು ನಿಧಾನವಾಗಿ ಬರೆಯುತ್ತಿದ್ದೇನೆ.

ಸವಣೂರಿನಲ್ಲಿ ಸೇವು, ಚೂಡಾ ಮಾರುವ ನನ್ನದೊಂದು ಖಾರದ ಅಂಗಡಿ ಇದೆ. ಪಕ್ಕದ ಕಟ್ಟೆಯ ಮೇಲೆ ಒಬ್ಬ ಗೆಳೆಯ ವೀಳ್ಯದೆಲೆ ಮಾರುತ್ತಿದ್ದ. ಎಲೆಬಳ್ಳಿಯ ತೋಟ ಅವನದೇ. ದೀಪಾವಳಿಯ ನಂತರ ನಮ್ಮ ಸೀಮೆಯ ಊರೂರಲ್ಲಿ ಹೋರಿ ಬೆದರಿಸುವ ಆಟ ಶುರುವಾಗುತ್ತದೆ. ಕೊಬ್ಬರಿ ಸರ, ಬಲೂನು ಕಟ್ಟಿದ ಹೋರಿ ಜನರ ನಡುವೆ ನುಗ್ಗಿ ಓಡಬೇಕು, ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹೋರಿಗಳಿಗೂ ಅಭಿಮಾನಿಗಳಿದ್ದಾರೆ, ಬ್ಯಾನರುಗಳಿವೆ. ಅಂಥ ದಿನಗಳಲ್ಲಿ ನಾವಿಬ್ಬರೂ ಒಂದೇ ಟಂಟಂ ಗಾಡಿ ಬಾಡಿಗೆಗೆ ಮಾಡಿಕೊಂಡು ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು ತಾಲ್ಲೂಕುಗಳ ಊರುಗಳಿಗೆ ಹೋಗಿ ಅಂಗಡಿ ಹಚ್ಚುತ್ತಿದ್ದೆವು.

ಆ ವರ್ಷ ಶಿಗ್ಗಾವಿ ತಾಲ್ಲೂಕಿನ ಒಂದೂರಿನ ಆಟಕ್ಕೆ ಸಿನಿಮಾ ನಟನೊಬ್ಬನನ್ನು ಕರೆಸಿದ್ದರು. ಊರಿನ ಹೆಸರು ಬೇಡ. ನಟನ ಹೆಸರೂ ಬೇಡ. ಹೇಳಿದರೆ ನಿಮ್ಮ ಮನೆಯ ಸಣ್ಣ ಮಕ್ಕಳಿಗೂ ಗೊತ್ತಾಗುತ್ತದೆ. ವೇದಿಕೆ ನಮ್ಮ ಅಂಗಡಿಯ ಎದುರಿಗೇ ಇತ್ತು. ಕಮಿಟಿಯ ಹಿರಿಯರೊಬ್ಬರು ನಟನಿಗೆ ಶಾಲು ಹೊದಿಸಿ ಗುಲಾಬಿ ಬಣ್ಣದ ರುಮಾಲು ಸುತ್ತಿದರು. ಆಮೇಲೆ ಕೆಳಗೆ ನಿಂತಿದ್ದ ಅವನ ಡ್ರೈವರನನ್ನೂ ಮೇಲೆ ಕರೆದರು. ಅವನು ಒಲ್ಲೆನೆಂದು ಹಿಂದೆ ಸರಿದ.

"ಬಾರಪಾ ತಮ್ಮಾ, ನಾಚ್ಕೋಬ್ಯಾಡ," ಎಂದರು ಹಿರಿಯರು ಮೈಕಿನಲ್ಲೇ. "ಹೀರೋಗ ಕಟ್ಟಿ, ಕರಕೊಂಡ ಬಂದಾಂವನ್ನ ಬಿಟ್ರ ನಾಳೆ ಊರೂರ ಹೇಳ್ಕೋತ ಹೋಗ್ತೀ, ಇವರ ಮರ್ಯಾದಿ ಇಷ್ಟ ಅಂತ. ತಾರಲೇ ಇನ್ನೊಂದ ರುಮಾಲ!"

ಜನ ನಕ್ಕು ಚಪ್ಪಾಳೆ ತಟ್ಟಿದರು. ನಮ್ಮಲ್ಲಿ ಹಾಗೆಯೇ. ಬೀಗರು ಬಂದರೆ ಬಂಡಿ ಹೊಡೆದುಕೊಂಡು ಬಂದವನಿಗೂ ರುಮಾಲು ಸುತ್ತುತ್ತೇವೆ, ಅವನನ್ನೂ ಸಾಲಿನಲ್ಲಿ ಕೂರಿಸಿ ಉಣಿಸುತ್ತೇವೆ. ನಟ ಬಿಳಿ ಅಂಗಿ ತೊಟ್ಟಿದ್ದ. ಡ್ರೈವರನದೂ ಬಿಳಿ ಅಂಗಿ. ಒಂದೇ ಥಾನಿನಿಂದ ಹರಿದ ಎರಡು ರುಮಾಲು. ನನ್ನ ಗೆಳೆಯ ಎಲೆಗೆ ನೀರು ಚಿಮುಕಿಸುತ್ತ, "ಹೀರೋಗ ಒಂದ್ ಎಲಿ ಮಡಚಿ ಕೊಡ್ಲೇನು?" ಎಂದ.

"ಅಂವಾ ತಿಂತಾನೇನ?"

"ತಿನ್ನಲಿ ತಗೋ. ಬಾಯಿ ಕೆಂಪಾದ್ರ ಅಷ್ಟ ಮೇಕಪ್ಪರ ಉಳಿತೈತಿ."

ಅದು ಅವನು ನನ್ನೊಡನೆ ಆಡಿದ ಕೊನೆಯ ಮಾತಲ್ಲ. ಆಮೇಲೆಯೂ ಸುಣ್ಣದ ಡಬ್ಬಿ ಎಲ್ಲಿ ಎಂದು ಏನೋ ಕೇಳಿದ. ಆದರೆ ನೆನಪಿರುವುದು ಇದು.

ಇಳಿಹೊತ್ತಿನಲ್ಲಿ ಆಟ ಮುಗಿಯಿತು. ರಸ್ತೆಯ ತುಂಬ ಧೂಳು, ಹಲಗೆ ಬಾರಿಸುವವರ ಸದ್ದು. ನನ್ನ ಗೆಳೆಯ ಖಾಲಿ ಬುಟ್ಟಿ ಹಿಡಿದು ರಸ್ತೆಯ ಅಂಚಿನಲ್ಲಿ, ಡಾಂಬರಿನಿಂದ ಕೆಳಗೆ, ಟಂಟಂ ಕಾಯುತ್ತ ನಿಂತಿದ್ದ. ನಾನು ಅವನ ಹಿಂದೆ ಡಬ್ಬಿಗಳನ್ನು ಕಟ್ಟುತ್ತಿದ್ದೆ. ನಟನ ಕಾರು ಜೋರಾಗಿ ಬಂತು. ಹುಡುಗರು ಬೈಕುಗಳಲ್ಲಿ ಕೂಗುತ್ತ ಅದರ ಜೊತೆ ಓಡಿಸುತ್ತಿದ್ದರು. ಒಂದು ಬೈಕು ಅಡ್ಡ ಬಂತು, ಕಾರು ಅಂಚಿಗೆ ಸರಿಯಿತು, ಬುಟ್ಟಿ ಮೇಲೆ ಹಾರಿತು. ಗಾಜಿನ ಹಿಂದೆ ಮುಖ ಕಾಣಲಿಲ್ಲ. ಗುಲಾಬಿ ರುಮಾಲು ಕಂಡಿತು. ನಾನು ಓಡಿಹೋಗಿ ಗೆಳೆಯನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡೆ. ಆಮೇಲೆ ಕತ್ತೆತ್ತಿ ನೋಡಿದೆ. ಸ್ವಲ್ಪ ಮುಂದೆ ಬೇವಿನ ಮರದ ಹತ್ತಿರ ಕಾರು ನಿಂತಿತ್ತು. ಅದರ ಬಲಬಾಗಿಲಿನಿಂದ, ಸ್ಟಿಯರಿಂಗಿನ ಕಡೆಯಿಂದ, ನಟ ಇಳಿದ. ಎಡಬಾಗಿಲಿನಿಂದ ಡ್ರೈವರ್ ಇಳಿದ. ನಟ ನನ್ನ ಕಡೆ ಬಂದು, "ನೋಡ್ಲಿಲ್ಲ, ನಾನು ನೋಡ್ಲೇ ಇಲ್ಲ," ಎಂದ. ಅದನ್ನೂ ಬರೆಯಬೇಕು. ಅವನು ಓಡಿಹೋಗಲಿಲ್ಲ, ಜೋರು ಮಾಡಲಿಲ್ಲ. ಅಷ್ಟರಲ್ಲಿ ಜನ ಅವನನ್ನು ಮುತ್ತಿ, ನೆರಳಿಗೆ ಒಯ್ದು, ಯಾರದೋ ಮನೆಯಿಂದ ಕುರ್ಚಿ ತಂದು ಕೂರಿಸಿ ನೀರು ಕೊಟ್ಟರು. ನನ್ನ ಗೆಳೆಯನಿಗೆ ನೀರು ಬೇಕೆಂದು ನಾನು ಕೂಗುತ್ತಿದ್ದೆ.

ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಅವನ ಜೀವ ಹೋಯಿತು. ಹಬ್ಬಕ್ಕೆಂದು ಹಾನಗಲ್ಲಿನ ತವರಿಗೆ ಹೋಗಿದ್ದ ಅವನ ಹೆಂಡತಿಗೆ ನಾನೇ ಫೋನು ಮಾಡಿದೆ. ಅವಳು ನನ್ನನ್ನು ಅಣ್ಣಾ ಎಂದು ಕರೆಯುತ್ತಾಳೆ. ಎಲ್ಲ ಕೇಳಿಕೊಂಡು, "ಯಾರ ಹೊಡದ್ರಣ್ಣಾ?" ಎಂದಳು. ಹೇಳಿದೆ. "ಆ ಹೀರೋನ?" ಎಂದಳು. ಅವಳ ಮನೆಯ ಕಪಾಟಿನ ಮೇಲೆ ಅವನ ಫೋಟೋ ಇತ್ತು. ಮಗಳು ಅಂಟಿಸಿದ್ದು.

ಠಾಣೆಗೆ ನಾನು ಹೋದಾಗ ನಟ ಒಳಗಿನ ಕೋಣೆಯಲ್ಲಿ ಕುಳಿತಿದ್ದ. ಟೇಬಲ್ ಫ್ಯಾನನ್ನು ಅವನ ಕಡೆ ತಿರುಗಿಸಿದ್ದರು. ಹೊರಗೆ ನೆರೆದಿದ್ದ ಜನ ಒಂದೇ ಸಮನೆ ಹೆಸರು ಕೂಗುತ್ತಿದ್ದರು. ಒಮ್ಮೆ ಅವನು ಕಿಟಕಿಯತ್ತ ಕೈ ಎತ್ತಿದ. ಎತ್ತಬಾರದಿತ್ತೆಂದು ಅವನಿಗೇ ಹೊಳೆದಿರಬೇಕು, ಕೂಡಲೇ ಇಳಿಸಿದ. ಎದೆನೋವು ಎಂದು ಅವನನ್ನು ದೊಡ್ಡ ಊರಿನ ಆಸ್ಪತ್ರೆಗೆ ಕಳಿಸಿದರು. ಕುಡಿದಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ರಕ್ತ ತೆಗೆದದ್ದು ಮರುದಿನವೆಂದು ಕೋರ್ಟಿನಲ್ಲಿ ಕೇಳಿದೆ.

ನನ್ನ ಹೇಳಿಕೆ ಬರೆದುಕೊಂಡ ಹವಾಲ್ದಾರರು ಒಳ್ಳೆಯವರು. ಪೆನ್ನು ಕೆಳಗಿಟ್ಟು ಕೇಳಿದರು: "ಕಾಕಾ, ಛಲೋ ನೋಡೀರೇನು?"

"ನೋಡೇನ್ರಿ."

"ನೋಡಿದ್ರ ಆತು, ಬರಕೋತೇನಿ. ಆದ್ರ ನಾಳೆ ಅಂಗಡಿ ಬಂದ್ ಮಾಡಿ ಕೋರ್ಟಿಗೆ ಅಡ್ಡಾಡಬೇಕಾಕ್ಕೈತಿ. ಅಲ್ಲಿ ಬೆಂಗಳೂರು ವಕೀಲರು ಬರ್ತಾರ. ಅವರ ಮುಂದ ನಮ್ಮ ಸಾಹೇಬ್ರ ಬೆವರತಾರ, ನೀವೇನು!"

ನಕ್ಕರು. ನಾನೂ ನಕ್ಕಿರಬೇಕು.

ಇಲ್ಲಿ ಇನ್ನೊಂದು ನೆನಪು ಅಡ್ಡ ಬರುತ್ತದೆ, ಬಿಡಲಾಗುವುದಿಲ್ಲ. ಹಿರೇಕೆರೂರಿನ ನನ್ನ ಹೆಂಡತಿಯ ತಮ್ಮ ಬಾಡಿಗೆಯ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಇದಕ್ಕೂ ಮೊದಲು ಒಮ್ಮೆ ಅವನು ಸೈಕಲ್ ಮೇಲಿದ್ದ ಮುದುಕರೊಬ್ಬರಿಗೆ ಗುದ್ದಿದ. ಅವರ ಕಾಲು ಮುರಿಯಿತು. ಇವನೇ ಅವರನ್ನು ಆಸ್ಪತ್ರೆಗೆ ಸೇರಿಸಿ, ಇವನೇ ಠಾಣೆಗೆ ಹೋಗಿ, "ನಾನ ಹೊಡದೇನ್ರಿ" ಎಂದ. ನಾನು ಬುತ್ತಿ ಒಯ್ದಾಗ ಅವನನ್ನು ಅಂಗಿ ಬಿಚ್ಚಿಸಿ ಮೂಲೆಯಲ್ಲಿ ನೆಲದ ಮೇಲೆ ಕೂರಿಸಿದ್ದರು. ರೊಟ್ಟಿ ಮುರಿಯುವಾಗ ಅವನ ಬೆರಳುಗಳು ಬಾತಿದ್ದನ್ನು ಕಂಡೆ. ಏನಾಯಿತೆಂದು ಕೇಳಿದರೆ, "ಏನಿಲ್ಲ ಮಾಮಾ, ನೀ ಮನಿಗಿ ನಡಿ" ಎಂದ. ಇವನ ರಕ್ತವನ್ನು ಆ ಗಳಿಗೆಯಲ್ಲೇ ತೆಗೆದಿದ್ದರು. ಜಾಮೀನಿಗೆ ನಿಲ್ಲುವವರು ಸಿಗದೆ ಎಷ್ಟೋ ದಿನ ಒಳಗಿದ್ದ. ಹೊರಗೆ ಬಂದವನು ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ.

ನಟನ ಕೇಸು ನಡೆಯಿತು. ಆ ದಿನ ರಸ್ತೆಯಲ್ಲೇ ಹಲವರು ಅವನೇ ಓಡಿಸುತ್ತಿದ್ದನೆಂದು ಹೇಳಿದ್ದರಿಂದ ಪೊಲೀಸರು ನಟನನ್ನೇ ಮೊದಲ ಆರೋಪಿ ಮಾಡಿದ್ದರು. ಆದರೆ ಓಡಿಸುತ್ತಿದ್ದವನು ತಾನೇ ಎಂದು ಡ್ರೈವರ್ ಹೇಳಿಕೊಂಡಿದ್ದ. ಅವನು ಎರಡನೆಯ ಆರೋಪಿ. ತಾರೀಖುಗಳು ಬಂದವು, ಹೋದವು. ಶೂಟಿಂಗ್ ಇದೆಯೆಂದು, ಬೆನ್ನು ನೋವೆಂದು ನಟನಿಗೆ ವಿನಾಯಿತಿ ಸಿಗುತ್ತಿತ್ತು. ಗೆಳೆಯನ ಹೆಂಡತಿ ಪ್ರತಿ ತಾರೀಖಿಗೂ ಬಂದು ವರಾಂಡದ ಕಂಬಕ್ಕೆ ಆನಿಕೊಂಡು ನಿಲ್ಲುತ್ತಿದ್ದಳು. ಪರಿಹಾರದ ಮಾತನ್ನು ಅವಳು ನನ್ನೆದುರು ಒಮ್ಮೆಯೂ ಎತ್ತಲಿಲ್ಲ. "ಅಂವಾ ಹೊಡದಾನಂತ ಆ ಕುರ್ಚಿ ಮ್ಯಾಲ ಕುಂತವರು ಒಮ್ಮಿ ಅನ್ನಲಿ ಅಣ್ಣಾ. ಜೇಲಿಗಿ ಹಾಕ್ತಾರೋ ಬಿಡ್ತಾರೋ, ಅದು ಅವರಿಗೆ ಬಿಟ್ಟದ್ದು. ಅಂದ್ರ ಸಾಕು," ಎನ್ನುತ್ತಿದ್ದಳು.

ನಟ ಬಂದ ದಿನ ಮಾತ್ರ ಕೋರ್ಟಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕರಿಕೋಟಿನವರೂ ಮೊಬೈಲು ಎತ್ತಿ ಹಿಡಿದಿದ್ದರು. ಗದ್ದಲ ನಿಲ್ಲಿಸಲು ನ್ಯಾಯಾಧೀಶರು ಗದರಬೇಕಾಯಿತು. ಅವರು ಯಾರ ಕಡೆಯೂ ವಾಲಿದ್ದನ್ನು ನಾನು ಕಾಣಲಿಲ್ಲ. ಆದರೆ ನಟನಿಗೆ ಯಾರೋ ಒಂದು ಕುರ್ಚಿ ತಂದಿಟ್ಟರು, ಬೇಡವೆಂದು ಯಾರೂ ಹೇಳಲಿಲ್ಲ.

ಸಾಕ್ಷಿಗಳು ಒಬ್ಬೊಬ್ಬರಾಗಿ ಹೇಳಿಕೆ ಬದಲಿಸಿದರು. ರುಮಾಲು ಸುತ್ತಿದ ಹಿರಿಯರು ಆ ದಿನ ಬೇವಿನ ಮರದ ಕೆಳಗೇ ಇದ್ದವರು. ಅವರು ಕಟಕಟೆಯಲ್ಲಿ, "ಧೂಳ ಭಾಳ ಇತ್ರಿ, ಯಾರ ಇಳದ್ರೋ ಕಾಣಲಿಲ್ಲ," ಎಂದು ಹೇಳಿ ಇಳಿದು ಬಂದರು. ನಾನು ಹೊರಗೆ ಅವರ ಮುಂದೆ ಹೋಗಿ ನಿಂತೆ.

"ಹಿಂಗ್ಯಾಕ ಮಾಡಿದ್ರಿ ಯಜಮಾನ್ರ?"

"ನನಗ ರೊಕ್ಕ ಕೊಟ್ಟಾರಂತ ತಿಳದೀಯೇನು?"

"ಹಂಗ ನಾ ಅಂದಿಲ್ರಿ."

"ನಾವ ಕರಸಿ, ನಾವ ರುಮಾಲ ಸುತ್ತಿ, ನಾವ ಜೇಲಿಗಿ ಕಳಸೂದೇನಪಾ? ನಾಳೆ ನಮ್ಮೂರಿಗೆ ಯಾರ ಬರ್ತಾರ?" ಅವರ ಕಣ್ಣಲ್ಲಿ ನೀರು ಬಂತು. "ಸತ್ತಾಂವ ಛಲೋ ಮನಷ್ಯಾ. ನನಗೂ ಗೊತ್ತೈತಿ."

ಕೊನೆಗೆ ಉಳಿದವನು ನಾನೊಬ್ಬ. ಬೆಂಗಳೂರಿನ ವಕೀಲರು ದನಿ ಏರಿಸಲಿಲ್ಲ. ಮೊದಲು ನನ್ನ ಅಂಗಡಿಯ ಖಾರದ ರುಚಿ ತಾವು ಕೇಳಿ ಬಲ್ಲೆವೆಂದರು. ನಂತರ ಕೇಳತೊಡಗಿದರು.

"ಡಿಕ್ಕಿಯಾದಾಗ ಓಡಿಸುತ್ತಿದ್ದವರ ಮುಖ ಕಂಡಿತೇ?"

"ಇಲ್ರಿ. ರುಮಾಲ ಕಂಡಿತು."

"ಆ ದಿನ ಅಂಥ ರುಮಾಲು ಎಷ್ಟು ಜನರ ತಲೆಯ ಮೇಲಿತ್ತು?"

"ಕಾರಿನ್ಯಾಗ ಇದ್ದ ಇಬ್ಬರಿಗೂ ಇತ್ರಿ."

"ಇಬ್ಬರಿಗೂ ಯಾಕೆ?"

ಯಾಕೆಂದು ಹೇಳಿದೆ. ಬಂಡಿಯವನಿಗೂ ಮರ್ಯಾದೆ ಮಾಡುವ ನಮ್ಮ ರೂಢಿಯನ್ನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಬಹಳ ಒಳ್ಳೆಯ ಪದ್ಧತಿ," ಎಂದರು. ಆ ಮಾತಿಗೆ ಕೆಲವರು ತಲೆದೂಗಿದರು.

"ಡಿಕ್ಕಿಯಾದ ಕೂಡಲೇ ನೀವು ಕಾರು ನೋಡಿದಿರೋ, ಗೆಳೆಯನನ್ನು ನೋಡಿದಿರೋ?"

"ಗೆಳೆಯನ್ನ ನೋಡಿದ್ನಿರಿ."

"ತಲೆ ಎತ್ತಿಕೊಂಡಿರಿ?"

"ಹೌದ್ರಿ."

"ಕಣ್ಣಲ್ಲಿ ನೀರಿತ್ತೇ?"

ಇದನ್ನು ನಾನು ಎಣಿಸಿರಲಿಲ್ಲ. "ಇತ್ರಿ," ಎಂದೆ.

"ಅಂದರೆ, ಧೂಳಿನಲ್ಲಿ, ಜನರ ನಡುವೆ, ಕಣ್ಣೀರಿನಲ್ಲಿ, ಬಿಳಿ ಅಂಗಿ ಗುಲಾಬಿ ರುಮಾಲಿನ ಒಬ್ಬರು ಬಲಗಡೆಯಿಂದ ಇಳಿದದ್ದು ಕಂಡಿರಿ."

"ಅಂವನ ಇಳದಾನ್ರಿ. ನನ್ನ ಮುಂದ ಬಂದು ಮಾತಾಡ್ಯಾನ್ರಿ."

"ಮಾನವೀಯತೆಯಿಂದ ನಿಮ್ಮ ಹತ್ತಿರ ಬಂದದ್ದು ನಿಜ. ಅದನ್ನು ನಾವೂ ಒಪ್ಪುತ್ತೇವೆ," ಎಂದು ವಕೀಲರು ಕುಳಿತರು. "ನೋಡ್ಲೇ ಇಲ್ಲ" ಎಂಬ ನಟನ ಮಾತನ್ನೂ ಮೊದಲೇ ಹೇಳಿದ್ದೆ. ಹಲಗೆಯ ಸದ್ದಿನಲ್ಲಿ ಯಾರು ಏನು ಅಂದರೋ ಎಂದು ವಕೀಲರು ತಳ್ಳಿಹಾಕಿದ್ದರಿಂದ ಅದೂ ಹೋಯಿತು. ಸರ್ಕಾರಿ ವಕೀಲರು ಮರಳಿ ಪ್ರಶ್ನೆ ಕೇಳುವುದಿಲ್ಲವೆಂದರು. ನಟ ನನ್ನ ಕಡೆ ನೋಡಲಿಲ್ಲ. ಡ್ರೈವರ್ ನೋಡುತ್ತಿದ್ದ.

ತೀರ್ಪಿನ ದಿನ ನಟನಿಗೆ ಸಂಶಯದ ಲಾಭ ಸಿಕ್ಕಿತು. ಡ್ರೈವರ್ ತಪ್ಪಿತಸ್ಥನೆಂದಾಯಿತು. ಸ್ವಲ್ಪ ಕಾಲದ ಶಿಕ್ಷೆ, ಅದಕ್ಕೂ ಮೇಲ್ಮನವಿಯವರೆಗೆ ಜಾಮೀನು. ಹೊರಗೆ ಪಟಾಕಿ ಹಾರಿಸಿದರು. ಹಾರಿಸಿದವರಲ್ಲಿ ನಮ್ಮ ಸವಣೂರಿನ ಮುಖಗಳನ್ನೂ ಕಂಡೆ.

ಮೆಟ್ಟಿಲ ಹತ್ತಿರ ಡ್ರೈವರ್ ಗೆಳೆಯನ ಹೆಂಡತಿಗೆ ಕೈಮುಗಿದು, "ತಪ್ಪಾಯ್ತು ಅಮ್ಮಾ," ಎಂದ.

ಅವಳು ಅವನ ಮುಖವನ್ನೇ ನೋಡಿದಳು. "ನೀ ಹೊಡದೀಯೇನಪಾ?"

ಅಷ್ಟರಲ್ಲಿ ಕಿರಿಯ ವಕೀಲನೊಬ್ಬ ಬಂದು ಅವನ ತೋಳು ಹಿಡಿದು ಕರೆದೊಯ್ದ.

ಸವಣೂರಿನ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತಿದ್ದಳು. ಎಲೆತೋಟಗಳು ಕಾಣತೊಡಗಿದಾಗ, ನನ್ನ ಕಡೆ ತಿರುಗದೆ, ಮೆಲ್ಲಗೆ ಕೇಳಿದಳು:

"ಅಣ್ಣಾ, ಸಿಟ್ಟಾಗಬ್ಯಾಡ್ರಿ. ಖರೇನ ಅಂವನ ಇದ್ದನಿಲ್ಲ?"

"ಅಂವನ ಇದ್ದ ತಂಗಿ. ನಾ ನೋಡೇನಿ."

"ಹೂಂ," ಎಂದಳು.

ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಮತ್ತೆ ಕೇಳುವ ಧೈರ್ಯವಾಗಲಿಲ್ಲ. ಆ ದಿನದಿಂದ ಕಣ್ಣು ಮುಚ್ಚಿದರೆ ಬಲಬಾಗಿಲು ತೆರೆಯುತ್ತದೆ, ನಟ ಇಳಿಯುತ್ತಾನೆ. ಒಮ್ಮೊಮ್ಮೆ ಡ್ರೈವರ್ ಇಳಿಯುತ್ತಾನೆ. ಆಗ ನಾನು ಎದ್ದು ಕುಳಿತು, ಧೂಳು, ಬೇವಿನ ಮರ, ನನ್ನ ತೊಡೆಯ ಮೇಲಿನ ಭಾರ, ಎಲ್ಲವನ್ನೂ ಮೊದಲಿನಿಂದ ಜೋಡಿಸುತ್ತೇನೆ, ನಟ ಇಳಿಯುವವರೆಗೆ. ಈಚೆಗೆ ಅವನು ಇಳಿಯಲು ತಡವಾಗುತ್ತಿದೆ.