ಹೊಗೆಗೂಡಿನ ಕೆಳಗಿನ ದೇವರು

ನಾನು ಚಿಕ್ಕವಳಿದ್ದಾಗ ನಮ್ಮನೆ ದೇವಿ ಸೌದೆ ಉರಿಸುವ ಗೂಡಿನಲ್ಲಿ ಕೂತಿದ್ದಳು. ನಗಬೇಡಿ ಮಕ್ಕಳೇ, ನಿಮ್ಮಜ್ಜಿ ಹೇಳುವುದು ನಿಜ. ಬೆಂಗಳೂರಿನ ದಂಡು ಪ್ರದೇಶದಲ್ಲಿ ನಾವು ಬಾಡಿಗೆಗಿದ್ದದ್ದು ಹಳೆಯ ದೊರೆ ಮನೆ. ಯಾವನೋ ಇಂಗ್ಲಿಷ್ ದೊರೆ, ತನ್ನ ಹಳ್ಳಿಯಲ್ಲಿದ್ದ ಹಾಗೇ ಬೇಕೆಂದು ಕಟ್ಟಿಸಿದ್ದು. ಅವನ ದೇಶದಲ್ಲಿ ಚಳಿಯಂತೆ. ಅದಕ್ಕೇ ನಡುಮನೆಯ ಗೋಡೆಯಲ್ಲಿ ಬೆಂಕಿಗೂಡು, ಅದರ ಮೇಲೆ ಸೂರಿನಾಚೆಗೆ ಹೊಗೆಗೂಡು.

ಆಮೇಲೆ ಬಂದವರು ಯಾರೂ ಸುಮ್ಮನಿರಲಿಲ್ಲ. ಒಬ್ಬ ಹುಲ್ಲಿನ ಸೂರು ಕಿತ್ತು ಹೆಂಚು ಹೊದಿಸಿ ಮೇಲೊಂದು ಅಟ್ಟದ ಕೋಣೆ ಮಾಡಿದ. ಅಲ್ಲಿಂದಲೂ ಅದೇ ಹೊಗೆಗೂಡಿಗೆ ಬಾಯಿ ತೆಗೆಸಿದ. ಇನ್ನೊಬ್ಬ ಬಾಗಿಲು ಮುಚ್ಚಿ, ಕಿಟಕಿ ಒಡೆದು ಬಾಗಿಲು ಮಾಡಿದ. ಮತ್ತೊಬ್ಬ ಹಳೇ ಗೋಡೆಗೆ ಒತ್ತಿ ಇಟ್ಟಿಗೆ ಗೋಡೆ ಎಬ್ಬಿಸಿದ. ಒಂದು ಕೋಣೆಯ ನೆಲಕ್ಕೂ ಇನ್ನೊಂದರ ನೆಲಕ್ಕೂ ತಾಳೆಯಿಲ್ಲ, ಎಡವಿ ಎಡವಿ ನನ್ನ ಕಾಲ್ಬೆರಳು ಸದಾ ಒಡೆದಿರುತ್ತಿತ್ತು. ಬಾವಲಿ ನುಗ್ಗುತ್ತವೆಂದು ಅಪ್ಪ ಹೊಗೆಗೂಡಿನ ತುದಿಗೆ ಚಪ್ಪಡಿ ಹಾಕಿಸಿದರು, ಅಟ್ಟದ ಬಾಯಿಗೆ ಹಲಗೆ ಒರಗಿಸಿದರು.

ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಬಹಳ ಮಡಿ. ಅಡುಗೆಮನೆಯಲ್ಲಿ ದೊರೆ ಏನೇನು ಬೇಯಿಸಿದ್ದನೋ, ಅಲ್ಲಿ ದೇವರನ್ನಿಡುವುದಿಲ್ಲ ಎಂದರು. ಬೆಂಕಿ ಉರಿದ ಜಾಗಕ್ಕೆ ಮೈಲಿಗೆಯಿಲ್ಲವೆಂದು ಬೆಂಕಿಗೂಡಿಗೆ ಸುಣ್ಣ ಬಳಿದು ಅಲ್ಲೇ ಕೂರಿಸಿದರು.

ಒಂದು ಶುಕ್ರವಾರ ಮಧ್ಯಾಹ್ನ ಅತ್ತೆ ಪೂಜೆಗೆ ಕೂತಿದ್ದರು, ನಾನು ಗಂಧ ತೇಯುತ್ತಿದ್ದೆ. ದೇವಿಯ ತಲೆಯ ಮೇಲಿನಿಂದ ‘ಊಂ’ ಎಂಬ ನರಳಿಕೆ ಕೇಳಿತು. ನನ್ನ ಕೈಯ ಕೊರಡು ಜಾರಿತು. ಅತ್ತೆಯ ಗಂಟೆ ನಿಂತಿತು.

“ದೇವಿ ಮಾತಾಡ್ತಿದಾಳೆ ಕಣೇ,” ಎಂದು ಅತ್ತೆ ಪಿಸುಗುಟ್ಟಿದರು. ಕೆಂಡದ ಮೇಲೆ ಒಂದು ಹಿಡಿ ಸಾಂಬ್ರಾಣಿ ಸುರಿದರು. ಹೊಗೆ ಮೇಲಕ್ಕೆದ್ದಿತು. ಮೇಲಿನಿಂದ ಕೆಮ್ಮು ಬಂತು.

ದೇವರಿಗೆ ಕೆಮ್ಮು ಬರುತ್ತದೆಯೇ? ಆ ಕೆಮ್ಮಿನ ಕೊನೆಗೆ ಸೀಟಿ ಊದಿದಂತಹ ಸದ್ದಿತ್ತು. ಮನೆಯಲ್ಲಿ ಉಬ್ಬಸವಿದ್ದದ್ದು ನನ್ನ ಅಕ್ಕನಿಗೆ. ಹುಣಸೆಹಣ್ಣು ಕದಿಯಲು ಅವಳು ಅಟ್ಟಕ್ಕೆ ಹೋಗಿದ್ದು ನನಗೆ ಗೊತ್ತಿತ್ತು.

“ಅತ್ತೆ, ಅದು ಅಕ್ಕ.”

“ಬಾಯ್ಮುಚ್ಚು. ದೇವರ ಮುಂದೆ ಕೆಟ್ಟ ಮಾತಾಡ್ಬೇಡ.”

ಇನ್ನೊಂದು ಹಿಡಿ ಸಾಂಬ್ರಾಣಿ ಬಿತ್ತು. ಕೆಮ್ಮು ಸಣ್ಣದಾಯಿತು. ನನಗೆ ಅತ್ತೆಯ ಭಯ, ಅದಕ್ಕಿಂತ ದೇವಿಯ ಭಯ. ದೀಪ ಆರಿಸಿದವರ ಕಣ್ಣು ಹೋಗುತ್ತದೆಂದು ಅತ್ತೆಯೇ ಹೇಳಿಕೊಟ್ಟಿದ್ದರು. ಆದರೂ ಕಲಶ ಎತ್ತಿ ಕೆಂಡದ ಮೇಲೆ, ದೀಪದ ಮೇಲೆ ನೀರು ಹೊಯ್ದುಬಿಟ್ಟೆ. ಚುಂಯ್ ಎಂದಿತು. ಕೆನ್ನೆಗೆ ಏಟು ಬಿತ್ತು.

ಆಗ ಮೇಲಿನಿಂದ ಒಂದಿಷ್ಟು ಮಸಿ ಉದುರಿತು. ಅದರ ಹಿಂದೆಯೇ ದನಿ: “ಅತ್ತೆ, ಹೊಗೆ ಬೇಡ.”

ಅತ್ತೆಯ ಮುಖ ಸುಣ್ಣವಾಯಿತು. ಅವರ ಹೆಜ್ಜೆ ಸದ್ದಿಗೆ ಹೆದರಿಯೇ ಅಕ್ಕ ಹಲಗೆಯ ಹಿಂದೆ ಅಡಗಲು ಹೋಗಿ ಹೊಗೆಗೂಡಿನೊಳಗೆ ಜಾರಿ, ನಡುವೆ ಸಿಕ್ಕಿಕೊಂಡಿದ್ದಳು.

ಅಪ್ಪ ಹಾರೆ ತಂದು ದೇವರ ಮೇಲಿನ ಗೋಡೆಗೆ ಹಾಕಿದರು. ಗಾರೆ ಬಿತ್ತು, ಇಟ್ಟಿಗೆ ಬಿತ್ತು. ಹಿಂದೆ ಹಸಿರು ಬಣ್ಣದ ಇನ್ನೊಂದು ಗೋಡೆ. ಅದನ್ನು ಕೆಡವಿದರೆ ಮಣ್ಣು ಮೆತ್ತಿದ ಕಲ್ಲು. “ಎಷ್ಟು ಗೋಡೆಯಪ್ಪಾ ಈ ಮನೆಗೆ!” ಎಂದ ಅಪ್ಪನ ದನಿ ಅಳುವಂತಿತ್ತು. ನಾನು ಅಕ್ಕಾ, ಅಕ್ಕಾ ಎಂದು ಕೂಗಿದೆ. ಉತ್ತರವಿಲ್ಲ. ಗಂಟಲು ಕಟ್ಟುವವರೆಗೂ ಕೂಗಿದೆ. ಆಮೇಲೆ ಎಷ್ಟೋ ಸಾವು ನೋಡಿದ್ದೇನೆ, ಅಷ್ಟು ಹೆದರಿಲ್ಲ.

ಕೊನೆಗೆ ಒಂದು ಕಲ್ಲು ಸರಿಯಿತು, ಕಪ್ಪು ಪಾದ ಕಂಡಿತು. ಅಪ್ಪ ಎಳೆದುಕೊಂಡರು. ಅತ್ತೆ ತಮ್ಮ ಮಡಿ ಸೀರೆಯಿಂದಲೇ ಅವಳ ಮೂಗು ಬಾಯಿ ಒರೆಸಿದರು. ಸುಮಾರು ಹೊತ್ತಾದ ಮೇಲೆ ಎದೆಯಿಂದ ಆ ಸೀಟಿ ಸದ್ದು ಬಂತು. ನನಗೂ ಆಗಲೇ ಉಸಿರು ಬಂದದ್ದು.

ಅಮೆರಿಕದ ಫುಲ್‌ಶೀರ್ ಊರಿನ ನಿಮ್ಮ ಈ ಮನೆ ವಯಸ್ಸಿನಲ್ಲಿ ನಿಮಗಿಂತ ಚಿಕ್ಕದು. ನನ್ನ ಕಣ್ಣೆದುರೇ ಮರದ ಪಟ್ಟಿ ನಿಲ್ಲಿಸಿ, ಹಲಗೆ ಹೊಡೆದು, ಬಣ್ಣ ಬಳಿದು ಮುಗಿಸಿದರು. ತಟ್ಟಿದರೆ ಟೊಳ್ಳು. ಇಲ್ಲಿ ಹೆದರುವಂಥದ್ದೇನಿದೆ ಎನ್ನುತ್ತಾಳೆ ನಿಮ್ಮಮ್ಮ. ಇರಲಿ. ನೀವಿಬ್ಬರೂ ಮಹಡಿಯಲ್ಲಿ ಬಾಗಿಲು ಹಾಕಿಕೊಂಡು, ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿರುತ್ತೀರಿ. ನಾನು ಊಟಕ್ಕೆ ಕರೆಯುತ್ತೇನೆ, ಸದ್ದಿಲ್ಲ. ಮತ್ತೆ ಕರೆಯುತ್ತೇನೆ. ಅಷ್ಟರಲ್ಲಿ ನಾನು ಮೆಟ್ಟಿಲ ಬುಡಕ್ಕೆ ಬಂದು ಗೋಡೆಗೆ ಕಿವಿಯಿಟ್ಟು ನಿಂತಿರುತ್ತೇನೆ. ಅನ್ನ ಆರಿದರೆ ಆರಲಿ, ಕೆಳಗೆ ಬರುವುದು ತಡವಾದರೂ ಆಗಲಿ. ಕನ್ನಡದಲ್ಲೇ ಓಗೊಡಬೇಕೆಂದಿಲ್ಲ, ‘ವಾಟ್’ ಅಂದರೂ ನಡೆಯುತ್ತದೆ. ಕರೆದಾಗ ಅನ್ನಿ.