ಪೂಜೆಯ ಹೊತ್ತಿಗೆ ಇಳಿಯುತ್ತಿದ್ದ ಮಂಗಗಳು

ನಮ್ಮ ಅತ್ತೆಯ ಮನೆಯಲ್ಲಿ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಂಗಳ ಗುಡಿಸಿದ ಮೇಲೆ ನೀರು, ಆಮೇಲೆ ಸ್ನಾನ, ಸ್ನಾನದ ಮೇಲೆ ಪೂಜೆ, ಪೂಜೆ ಮುಗಿದ ಮೇಲೆಯೇ ರೊಟ್ಟಿ. ಬಿಸಿಲು ಪಡಸಾಲೆಯ ಹೊಸ್ತಿಲು ಮುಟ್ಟಿತೆಂದರೆ ಅತ್ತೆ "ಪೂಜಾಕ್ಕ ಕೂಡ್ರಿ" ಎಂದು ಕೂಗುತ್ತಿದ್ದರು. ಓಣಿಯ ಕೊನೆಯವರೆಗೂ ಆ ದನಿ ಕೇಳುತ್ತಿತ್ತು. ಕೈಯಲ್ಲಿದ್ದುದನ್ನು ಬಿಟ್ಟು ಬಂದು ಪೂಜೆಗೆ ಕೂಡಬೇಕು. ಅಂಗೈಯಲ್ಲಿ ಲಿಂಗ ಹಿಡಿದ ಮೇಲೆ ಪೂಜೆ ಮುಗಿಯುವ ತನಕ ಮಾತಾಡುವಂತಿಲ್ಲ, ಏಳುವಂತಿಲ್ಲ. ಈ ವಯಸ್ಸಿನಲ್ಲೂ ನನ್ನ ದಿನ ಅದೇ ಸಾಲಿನಲ್ಲಿ ನಡೆಯುತ್ತದೆ.

ನಾನು ಅಫಜಲಪುರದ ಕಡೆಯ ಹುಡುಗಿ. ಭೀಮಾ ನದಿಯ ದಂಡೆಯಲ್ಲಿ ಕಾಯಿಪಲ್ಲೆ ಬೆಳೆಯುವುದನ್ನು ನೋಡುತ್ತ ಬೆಳೆದವಳು. ಮದುವೆಯಾಗಿ ಕಡಗಂಚಿಯ ಹತ್ತಿರದ ಊರಿಗೆ ಬಂದ ಮೊದಲ ವರ್ಷ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ನಿಜಾಮನ ಸೀಮೆಗೆ ಇನ್ನೂ ಬಂದಿರಲಿಲ್ಲ. ಎಲ್ಲೆಡೆ ಲೂಟಿ, ದಾಳಿಗಳ ಗಾಬರಿ. ನನ್ನ ಯಜಮಾನರು ಕೆಲಸಕ್ಕೆಂದು ಸೊಲ್ಲಾಪುರದಲ್ಲಿದ್ದರು. ಮನೆಯಲ್ಲಿ ಅತ್ತೆ, ಮಾವ, ನಾನು. ಹೊತ್ತು ಮುಳುಗುವ ಮೊದಲೇ ಜನ ಊರು ಸೇರಿ ಬಾಗಿಲು ಹಾಕುತ್ತಿದ್ದರು. ಹೊಲದಲ್ಲಿ ಮಲಗಿ ಬೆಳೆ ಕಾಯುವವರು ಯಾರೂ ಉಳಿಯಲಿಲ್ಲ. ಇದು ಪ್ರಾಣಿಗಳಿಗೆ ನಮಗಿಂತ ಮೊದಲು ತಿಳಿಯಿತು. ಹಂದಿಗಳು ಊರ ಬೇಲಿಯವರೆಗೆ ಬಂದು ಗೆಣಸಿನ ಮಡಿ ಅಗೆದವು, ಮೊಲಗಳು ಮೆಂತ್ಯ ಮೇಯ್ದವು. ಮಂಗಗಳಂತೂ ನಮ್ಮ ಹಿತ್ತಲಿನಾಚೆಯ ಹುಣಸೆಮರದಲ್ಲೇ ಸಂಸಾರ ಹೂಡಿದವು.

ಎಳ್ಳ ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಸಿಕ್ಕ ಕಾಯಿ, ಸೊಪ್ಪು, ಹಸಿಕಾಳುಗಳನ್ನೆಲ್ಲ ಕೂಡಿಸಿ ಬೇಯಿಸಿದ ಭಜ್ಜಿ ಇಲ್ಲದೆ ನಮ್ಮ ಕಡೆ ಆ ಹಬ್ಬವೇ ಇಲ್ಲ. ಅದನ್ನು ಸಜ್ಜೆ ರೊಟ್ಟಿಯೊಡನೆ ಹೊಲಕ್ಕೆ ಒಯ್ದು, ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಆಮೇಲೆ ಉಣ್ಣಬೇಕು. ಆ ವರ್ಷ ಆಳಂದದ ಸಂತೆ ನೆಚ್ಚುವ ಹಾಗಿರಲಿಲ್ಲ. ಅತ್ತೆ ನನ್ನನ್ನು ಕರೆದು ಹೇಳಿದರು:

"ಈ ಸಲ ಭಜ್ಜಿ ಹಿತ್ತಲದ್ದೇ. ಹಿತ್ತಲಾ ನಿನ್ನ ಕೈಯಾಗ ಕೊಟ್ಟೇನಿ. ಹಬ್ಬದ ದಿನ ಗಡಗಿ ಖಾಲಿ ಇದ್ರ ನಾ ಏನೂ ಅನ್ನಂಗಿಲ್ಲ. ಊರೇ ಅಂತದ."

ಊರು ಆಡಿಕೊಂಡರೆ ಅದು ಅಫಜಲಪುರಕ್ಕೂ ಮುಟ್ಟುತ್ತದೆ. ನಮ್ಮ ಅವ್ವನ ಕಿವಿಗೂ ಬೀಳುತ್ತದೆ. ಹೊಸ ಸೊಸೆಗೆ ಅಷ್ಟು ಸಾಕು.

ಬದನೆ, ಚವಳಿ, ಅವರೆ, ಗಜ್ಜರಿ, ಪುಂಡಿಪಲ್ಲೆ, ಉಳ್ಳಾಗಡ್ಡಿ ತಪ್ಪಲು ಎಲ್ಲ ಚೆನ್ನಾಗಿ ಬಂದಿದ್ದವು. ಆದರೆ ಪ್ರತಿದಿನ ಪೂಜೆ ಮುಗಿಸಿ ಹೋಗಿ ನೋಡಿದರೆ ಅರ್ಧ ಕಚ್ಚಿದ ಬದನೆಕಾಯಿಗಳು, ಹರಿದ ಅವರೆಬಳ್ಳಿ. ಮುಳ್ಳು ಹೊದಿಸಿದೆ, ಮುಳ್ಳಿನ ಸಂದಿಯಿಂದ ಕೈಹಾಕಿ ಕಿತ್ತವು. ಮಾವನ ಹಳೆಯ ಶೇರವಾನಿ ಬೇಡಿ ಪಡೆದು ಬೆದರುಬೊಂಬೆ ಮಾಡಿ ನಿಲ್ಲಿಸಿದೆ. ಮರುದಿನ ಮರಿಮಂಗವೊಂದು ಅದರ ಹೆಗಲ ಮೇಲೆ ಕೂತು ಗಜ್ಜರಿ ತಿನ್ನುತ್ತಿತ್ತು.

"ನನ್ನ ಹೆಗಲ ಮ್ಯಾಲೆ ಮೊಮ್ಮಕ್ಕಳು ಯಾವಾಗ ಕೂಡ್ತಾವೋ ಗೊತ್ತಿಲ್ಲ," ಎಂದರು ಮಾವ. "ಶೇರವಾನಿಗಿ ಆಗ್ಲೇ ಆ ಭಾಗ್ಯ ಬಂತು ನೋಡು."

ಒಂದು ದಿನ ಕಾಲಿಗೆ ಜಾಲಿಮುಳ್ಳು ಚುಚ್ಚಿ, ಅದನ್ನು ತೆಗೆಯುತ್ತ ಹಿತ್ತಲ ಬಾಗಿಲಲ್ಲಿ ಕೂತಿದ್ದೆ. ಒಳಗಿನಿಂದ "ಪೂಜಾಕ್ಕ ಕೂಡ್ರಿ" ಎಂಬ ಕೂಗು ಬಂತು. ಅಲ್ಲಿಯವರೆಗೆ ಕೊಂಬೆಗಳಲ್ಲಿ ತೂಕಡಿಸುತ್ತಿದ್ದ ಮಂಗಗಳೆಲ್ಲ ಒಮ್ಮೆಲೇ ಎದ್ದವು. ಗಡಿಬಿಡಿಯಿಲ್ಲ, ಜಗಳವಿಲ್ಲ. ದೊಡ್ಡದು ಮುಂದೆ, ಮರಿ ಹೊತ್ತವು ಹಿಂದೆ, ಗೋಡೆಯ ಮೇಲೆ ಸಾಲಾಗಿ ಬಂದು ಹಿತ್ತಲಿಗೆ ಇಳಿದವು. ಪೂಜೆಗೆ ಕೂತವರು ಏಳುವುದಿಲ್ಲ ಎಂಬುದು ಅವಕ್ಕೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಯ ಶಿಸ್ತನ್ನು ನನಗಿಂತ ಬೇಗ ಕಲಿತಿದ್ದವು.

ರೊಟ್ಟಿ ಬಡಿಯುವಾಗ ಮೆಲ್ಲಗೆ ವಿಷಯ ತೆಗೆದೆ. "ಅತ್ತಿ, ನೀವು ಕರೆಯೂದು ಕೇಳೇ ಅವು ಇಳೀತಾವರಿ."

"ಅಂದ್ರ? ಮಂಗ್ಯಾನ ಸಲುವಾಗಿ ಪೂಜಾದ ಹೊತ್ತು ಬದಲಸ್ಲೇನು?"

"ನಾ ಹಂಗ ಅನ್ಲಿಲ್ರಿ."

"ನಮ್ಮ ಅತ್ತಿ ಕಾಲದಿಂದ ಇದೇ ಹೊತ್ತು. ಬದಲಾಗಂಗಿಲ್ಲ."

ಊಟಕ್ಕೆ ಕೂತಿದ್ದ ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೊತ್ತು ಬದಲಸಬ್ಯಾಡ ಬೇ. ಜಾಗಾ ಬದಲಸು. ಜಾಗಾದ್ದೇನೂ ನಿಮ್ಮ ಅತ್ತಿ ಹೇಳಿಲ್ಲಲ್ಲ?"

ಅತ್ತೆ ರೊಟ್ಟಿ ತಿರುವಿ ಹಾಕಿದರು. ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಬದನೆಯ ಮಡಿಗೆ ಎದುರಾಗಿ ನೆಲ ಸಾರಿಸಿ ಕಂಬಳಿ ಹಾಸಿತ್ತು. ಬಿಸಿಲು ಹೊಸ್ತಿಲು ಮುಟ್ಟಿದ ಕೂಡಲೇ ಅತ್ತೆ ಎಂದಿನಂತೆ ಕೂಗಿ ಬಂದು ಕೂತರು. ಅವರ ಪಕ್ಕದಲ್ಲಿ ಮಾವ, ಕೊನೆಗೆ ನಾನು.

ಮಂಗಗಳೂ ಎಂದಿನಂತೆ ಬಂದವು. ನಮ್ಮನ್ನು ಕಂಡು ಗೋಡೆಯ ಮೇಲೆಯೇ ನಿಂತವು. ನಾವು ಅವನ್ನು ನೋಡಿದೆವು, ಅವು ನಮ್ಮನ್ನು ನೋಡಿದವು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡ ಮಂಗ ಇವರು ಮಿಸುಕುವವರಲ್ಲ ಎಂದು ತೀರ್ಮಾನಿಸಿ ಕೆಳಗಿಳಿಯಿತು. ಅತ್ತೆಯ ಮುಂದೆಯೇ ನಡೆದುಹೋಗಿ ಅತಿ ದೊಡ್ಡ ಬದನೆಕಾಯಿಗೆ ಕೈಹಾಕಿತು. ನನ್ನ ಜೀವ ಬಾಯಿಗೆ ಬಂತು, ಆದರೆ ಬಾಯಿ ತೆರೆಯುವಂತಿಲ್ಲ.

ಅತ್ತೆಯ ಎಡಗೈಯಲ್ಲಿ ಲಿಂಗವಿತ್ತು. ಬಲಗೈ ಗಂಟೆ ಹಿಡಿಯಿತು. ಮಂಗಳಾರತಿಗೆ ಮಾತ್ರ ಬಾರಿಸಬೇಕಾದ ಗಂಟೆಯನ್ನು ಇನ್ನೂ ವಿಭೂತಿ ಹಚ್ಚುವ ಮೊದಲೇ ಅವರು ಬಾರಿಸಿದ ರೀತಿಗೆ ಮಂಗಗಳು ಗೋಡೆ ಹಾರಿ ಓಡಿದ್ದಷ್ಟೇ ಅಲ್ಲ, ಪಕ್ಕದ ಮನೆಯ ಎಮ್ಮೆಯೂ ಕಣ್ಣಿ ಹರಿಯಲು ನೋಡಿತು. ಮಾವ ಕೆಮ್ಮಿದರು. ಕೆಮ್ಮು ಪೂಜೆ ಮುಗಿಯುವವರೆಗೂ ನಿಲ್ಲಲಿಲ್ಲ.

ಹಬ್ಬದವರೆಗೆ ನಮ್ಮ ಪೂಜೆ ಹಿತ್ತಲಲ್ಲೇ ನಡೆಯಿತು. ಅಮಾವಾಸ್ಯೆಯ ದಿನ ಗಡಿಗೆ ಕಂಠದವರೆಗೆ ತುಂಬಿತು. ಹಗಲಲ್ಲೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಉಂಡು, ಬಿಸಿಲಿರುವಾಗಲೇ ಹಿಂದಿರುಗಿದೆವು. ಅತ್ತೆ ಎರಡನೇ ಸಲ ಭಜ್ಜಿ ಹಾಕಿಸಿಕೊಂಡು, "ಉಪ್ಪು ಸರಿ ಅದ," ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಮುಂದೆಯೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಅವರು ಗಡಿಗೆಯ ತಳದಲ್ಲಿ ಉಳಿದದ್ದನ್ನು ಎಲೆಯಲ್ಲಿ ಹಾಕಿ ಹಿತ್ತಲ ಗೋಡೆಯ ಮೇಲಿಟ್ಟರು.

"ರುಚಿ ಹತ್ತಿದ್ರ ಮತ್ತ ಬರ್ತಾವಲ್ರಿ ಅತ್ತಿ," ಎಂದೆ.

"ಬರ್ಲಿ. ಹೊತ್ತಿಗಿ ಸರಿಯಾಗಿ ಬರೋರು ಈ ಊರಾಗ ಮತ್ಯಾರದಾರ?"

ಮರುದಿನ ಕಂಬಳಿ ಮತ್ತೆ ಪಡಸಾಲೆಗೆ ಬಂತು. ಬಿಸಿಲು ಹೊಸ್ತಿಲು ಮುಟ್ಟಿತು; ಅತ್ತೆ ಕೂಗಲಿಲ್ಲ. ನನ್ನ ಕಡೆ ನೋಡಿ ಹೇಳಿದರು:

"ಇನ್ನ ಮ್ಯಾಲೆ ಪೂಜಾಕ್ಕ ನೀನೇ ಕರಿ. ಸಣ್ಣ ದನಿಲೆ ಕರಿ."